ಉಳಿದ ನಲವತ್ತು ನಿಮಿಷ

ಸಿದ್ದಾಪುರ
೨೯ ಜನವರಿ ೨೦೨೫, ಬುಧವಾರ, ಅಮಾವಾಸ್ಯೆ
ಮಧ್ಯಾಹ್ನ ಒಂದು ಗಂಟೆ ಐವತ್ತು ನಿಮಿಷ

ಪ್ರೀತಿಯ ಲಲಿತಾ,

ಚೆನ್ನಾಗಿದ್ದೇನೆ ಎಂದು ಬರೆದರೆ ನಿನಗೆ ಸಿಟ್ಟು ಬರುತ್ತದೆ, ಚೆನ್ನಾಗಿಲ್ಲ ಎಂದು ಬರೆದರೆ ನೀನು ನಂಬುವುದಿಲ್ಲ. ಹಾಗಾಗಿ ನನ್ನ ಕ್ಷೇಮದ ಸುದ್ದಿ ಬಿಟ್ಟು ಮೊದಲು ನಿಮ್ಮದನ್ನು ಕೇಳುತ್ತೇನೆ. ನಿಮ್ಮ ಶಿವಬಸಮ್ಮಜ್ಜಿ ಹೇಗಿದ್ದಾರೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಾರೆ ತಾನೆ?

ನಾನು ಈಗ ಸಿದ್ದಾಪುರದ ಗೋವಿಂದರಾಜ ಅವರ ಅಕ್ಕಿ ಗಿರಣಿಯ ಅಂಗಳದಲ್ಲಿ, ಬೇವಿನ ಮರದ ಕೆಳಗೆ, ಖಾಲಿ ಚೀಲಗಳ ಅಟ್ಟಿಯ ಮೇಲೆ ಕುಳಿತಿದ್ದೇನೆ. ಅವರ ಯಂತ್ರಕ್ಕೆ ಹೊಸ ಸಾಫ್ಟ್‌ವೇರ್ ಹಾಕುವ ಕೆಲಸ ಎರಡೂವರೆಗೆ ಮುಗಿಯುತ್ತದೆ ಎಂದು ಹೇಳಿದ್ದೆ. ಒಂದು ಐವತ್ತಕ್ಕೇ ಮುಗಿದುಬಿಟ್ಟಿತು. ನನ್ನ ಕೈಯಲ್ಲಿ ನಲವತ್ತು ನಿಮಿಷ ಉಳಿದಿದೆ. ನಗಬೇಡ ಲಲಿತಾ. ಹುಟ್ಟಿದಾಗಿನಿಂದ ನನಗೆ ನಲವತ್ತು ನಿಮಿಷ ಎಂದೂ ಉಳಿದಿಲ್ಲ. ಕೈಗಡಿಯಾರ ನಿಂತಿರಬೇಕು ಎಂದುಕೊಂಡು ಕಿವಿಗೆ ಹಿಡಿದು ನೋಡಿದೆ. ಆಮೇಲೆ ಏನು ಮಾಡಬೇಕೆಂದು ತಿಳಿಯದೆ ಅಂಗಳದಲ್ಲಿ ಎರಡು ಸುತ್ತು ಹಾಕಿ, ಆಫೀಸಿನಿಂದ ನಾಲ್ಕು ಹಾಳೆ ಕೇಳಿ ತಂದು ನಿನಗೆ ಬರೆಯಲು ಕೂತೆ.

ಎಳ್ಳ ಅಮಾವಾಸ್ಯೆಯ ಸಂಜೆ ನಾನು ಬೈಕ್ ಹತ್ತುವಾಗ ಕುಷ್ಟಗಿಯ ನಿನ್ನ ತವರುಮನೆಯ ಬಾಗಿಲಲ್ಲಿ ನಿಂತು ನೀನು ಹೇಳಿದ ಮಾತು ಒಂದಕ್ಷರ ಬಿಡದೆ ನೆನಪಿದೆ. "ಫೋನ್ ಮಾಡಬ್ಯಾಡ್ರಿ. ಫೋನಿನ್ಯಾಗ ನಿಮಗ ಸುಳ್ಳು ಭಾಳ ಸಲೀಸ ಬರ್ತಾವ. ಏನರ ಹೇಳೂದಿದ್ರ ಬರದು ಹೇಳ್ರಿ. ಒಂದ ಸಲ, ಒಂದ ಒಂದ ಸಲ, ಹೇಳಿದ ಹೊತ್ತಿಗೆ ಬಂದು ತೋರಸ್ರಿ. ಅವತ್ತ ನಾ ನಿಮ್ಮ ಜೋಡಿ ಗಂಗಾವತಿಗೆ ಬರ್ತೀನಿ" ಎಂದೆ. ಅಂದಿನಿಂದ ಇಂದಿಗೆ ಸರಿಯಾಗಿ ಮೂವತ್ತು ದಿನ. ಫೋನ್ ಮಾಡಿಲ್ಲ. ಬರೆಯಲೂ ಇಲ್ಲ, ಯಾಕೆಂದರೆ ಬರೆಯುವಂಥದ್ದು ಏನೂ ನನ್ನ ಹತ್ತಿರ ಇರಲಿಲ್ಲ. ಇವತ್ತು ಇದೆ.

ಅವತ್ತಿನದನ್ನು ಪೂರ್ತಿಯಾಗಿ ಹೇಳುತ್ತೇನೆ. ಅದರಲ್ಲಿ ನಿನಗೆ ಗೊತ್ತಿರುವುದೇ ಹೆಚ್ಚು. ಗೊತ್ತಿಲ್ಲದ್ದು ಒಂದಿದೆ. ಅದನ್ನು ಕೊನೆಗೆ ಇಟ್ಟಿದ್ದೇನೆ, ಅಲ್ಲಿಗೆ ಹೋಗುವಷ್ಟರಲ್ಲಿ ಧೈರ್ಯ ಬರಲಿ ಎಂದು.

ನನ್ನ ಕೆಲಸ ನಿನಗೆ ಗೊತ್ತು. ಅಕ್ಕಿಯನ್ನು ಕ್ಯಾಮೆರಾದಿಂದ ನೋಡಿ, ಕಪ್ಪು ಕಾಳು, ಹಳದಿ ಕಾಳು, ಕಲ್ಲು ಎಲ್ಲವನ್ನೂ ಗಾಳಿ ಊದಿ ಬೇರೆ ಮಾಡುವ ಸಾರ್ಟರ್ ಯಂತ್ರಗಳನ್ನು ನೋಡಿಕೊಳ್ಳುವುದು. ಮದುವೆಯಾಗಿ ಒಂಬತ್ತು ತಿಂಗಳಾದರೂ ನೀನು ಅದನ್ನು "ಅಕ್ಕಿ ಆರಸೂ ಡಬ್ಬಿ" ಎಂದೇ ಕರೆಯುತ್ತೀಯ. ಆಗಲಿ. ಡಿಸೆಂಬರಿನಲ್ಲಿ ಆ ಡಬ್ಬಿಗಳಿಗೆಲ್ಲ ಹೊಸ ಸಾಫ್ಟ್‌ವೇರ್ ಬಂತು. ಹಾಕುವಷ್ಟು ಹೊತ್ತು ಯಂತ್ರ ನಿಲ್ಲಬೇಕು. ಗಿರಣಿಯವರು ಕೇಳುವುದು ಒಂದೇ ಪ್ರಶ್ನೆ, ಎಷ್ಟು ಹೊತ್ತು? ಕಂಪನಿಯ ಕಾಗದದಲ್ಲಿ ನಲವತ್ತೈದು ನಿಮಿಷ ಎಂದಿತ್ತು. ನಾನು ನಮ್ಮ ಆಫೀಸಿನ ಹೊಸ ಯಂತ್ರಕ್ಕೆ ಹಾಕಿ ನೋಡಿದ್ದೆ, ಹದಿನೆಂಟೇ ನಿಮಿಷಕ್ಕೆ ಮುಗಿದಿತ್ತು. ನಲವತ್ತೈದು ಎಂದು ಹೇಳುವುದೇ ನನ್ನ ದೊಡ್ಡ ಗುಣ ಎಂದುಕೊಂಡೆ.

ಅದರ ಮೇಲೆ ಇನ್ನೊಂದು ಜಾಣತನ. ನಮ್ಮ ಕಡೆ ಅಮಾವಾಸ್ಯೆಗೆ ಹಮಾಲರು ಚೀಲ ಮುಟ್ಟುವುದಿಲ್ಲ, ಗಿರಣಿ ನಿಲ್ಲುತ್ತದೆ, ಯಂತ್ರ ತೊಳೆದು ಪೂಜೆ ಮಾಡುತ್ತಾರೆ. ಹೇಗೂ ನಿಂತ ದಿನವೇ ನಮ್ಮ ಕೆಲಸ ಮಾಡಿಕೊಂಡರೆ ಯಾರಿಗೂ ತೊಂದರೆಯಿಲ್ಲ ಎಂದು ಮೀಟಿಂಗಿನಲ್ಲಿ ಹೇಳಿ ಶಹಭಾಸ್ ಅನ್ನಿಸಿಕೊಂಡೆ. ಎಳ್ಳ ಅಮಾವಾಸ್ಯೆಗೆ ಗಂಗಾವತಿಯ ಪಂಪಣ್ಣನವರ ಗಿರಣಿ ಎಂದು ನಿಗದಿಯಾಯಿತು. ಅದೇ ದಿನ ನಿಮ್ಮ ಹೊಲದಲ್ಲಿ ಚರಗ, ಭೂತಾಯಿಗೆ ಎಡೆ ಚೆಲ್ಲಿ ಎಲ್ಲರೂ ಕೂತು ಬುತ್ತಿ ಉಣ್ಣುವುದು. ಹೊಸ ಅಳಿಯನಿಗೆ ಮೊದಲ ಎಳ್ಳ ಅಮಾವಾಸ್ಯೆ. ಎಂಟೂವರೆಗೆ ಶುರು, ಒಂಬತ್ತೂಕಾಲಕ್ಕೆ ಮುಕ್ತಾಯ, ಕನಕಗಿರಿ, ತಾವರಗೇರಾ ದಾಟಿ ಎರಡು ತಾಸಿನಲ್ಲಿ ಕುಷ್ಟಗಿ. ಮಾವನವರಿಗೆ ಒಂದು ಗಂಟೆಗೆ ಬರುತ್ತೇನೆ ಎಂದು ಹೇಳಿದಾಗ ನನ್ನ ಲೆಕ್ಕದಲ್ಲಿ ಒಂದೂಮುಕ್ಕಾಲು ತಾಸು ಮಿಗುತ್ತಿತ್ತು. ಆ ಒಂದೂಮುಕ್ಕಾಲು ತಾಸಿನಲ್ಲಿ ತಾವರಗೇರಾದಲ್ಲಿ ಇಳಿದು ನಿನಗೆ ಮಲ್ಲಿಗೆ ಕೊಳ್ಳಬೇಕು ಎಂದು ಕೂಡ ಯೋಚಿಸಿದ್ದೆ ನೋಡು.

ಎಂಟೂವರೆಗೆ ಹೋದೆ. ಪೂಜೆಯಾಗದೆ ಯಂತ್ರ ಮುಟ್ಟುವ ಹಾಗಿಲ್ಲ ಎಂದರು ಪಂಪಣ್ಣ. ಪೂಜೆಯ ಅಯ್ಯನವರು ಬಂದದ್ದು ಹತ್ತಕ್ಕೆ. ಅಷ್ಟರಲ್ಲಿ ಹತ್ತು ನಿಮಿಷವಾದರೂ ಉಳಿಯಲಿ ಎಂದು ನಾನು ಸಾರ್ಟರಿನ ಮುಂದಿನ ಮುಚ್ಚಳ ತೆಗೆದಿಟ್ಟಿದ್ದೆ. ಈ ಮುಚ್ಚಳವನ್ನು ನೆನಪಿಟ್ಟುಕೋ. ಪೂಜೆ ನಡೆಯುವಾಗ ನಾನು ಹಿಂದೆ ತಿರುಗಿ ನಿಂತು ನಿನಗೆ ಫೋನಿನಲ್ಲಿ "ಹೊಂಟೆ, ಇನ್ನ ಐದ ನಿಮಿಷ" ಎನ್ನುತ್ತಿದ್ದೆ.

ಪೂಜೆ ಮುಗಿಯಿತು. ಒಳಗೆ ನೋಡದೆ ಮುಚ್ಚಳ ಹಾಕಿ, ಪೆನ್ ಡ್ರೈವ್ ಚುಚ್ಚಿದೆ. ಪಂಪಣ್ಣನವರದು ಹನ್ನೊಂದು ವರ್ಷದ ಹಳೆಯ ಯಂತ್ರ. ಆಫೀಸಿನಲ್ಲಿ ಹದಿನೆಂಟು ನಿಮಿಷಕ್ಕೆ ಆಗಿದ್ದು ಇಲ್ಲಿ ಒಂದು ತಾಸು ತಿಂದಿತು, ಅದರಲ್ಲೂ ತೊಂಬತ್ತೊಂಬತ್ತು ಪರ್ಸೆಂಟಿಗೆ ಬಂದು ಇಪ್ಪತ್ತು ನಿಮಿಷ ಹಾಗೇ ನಿಂತಿತು. ಆಗ ನೀನು ಫೋನ್ ಮಾಡಿದೆ. ಕನಕಗಿರಿ ದಾಟಿದ್ದೇನೆ ಎಂದೆ. ನನ್ನ ಹಿಂದೆ ಯಾರೋ "ಇನ್ನೊಂದು ಕಾಯಿ ತರ್ರಿ" ಎಂದು ಕೂಗಿದ್ದು ನಿನಗೆ ಕೇಳಿಸಿತು, ನೀನು ಫೋನ್ ಇಟ್ಟೆ. ಆಗಲೇ ನನಗೆ ಹೆದರಿಕೆಯಾಗಬೇಕಿತ್ತು.

ಹನ್ನೆರಡರ ಹತ್ತಿರ ಒಂದು ಚೀಲ ಸೋನಾ ಮಸೂರಿ ಸುರಿದು ಯಂತ್ರ ಓಡಿಸಿದೆ. ಇಡೀ ಚೀಲವೇ ಕೆಟ್ಟ ಅಕ್ಕಿಯ ಕಡೆ ಹೋಯಿತು. ಇನ್ನೊಂದು ಚೀಲ, ಅದೂ ಹಾಗೆಯೇ. ಒಳ್ಳೆಯ ಕಡೆಗೆ ಒಂದು ಕಾಳೂ ಬೀಳಲಿಲ್ಲ. ಪಂಪಣ್ಣನವರಿಗೆ ಅಕ್ಕಿ ಹೋದದ್ದಕ್ಕಿಂತ ಮಾನ ಹೋದದ್ದು ಹೆಚ್ಚಾಯಿತು. "ಏನ್ರೀ ಸಿದ್ದೇಶ, ನಿಮ್ಮ ಹೊಸಾ ಸಾಫ್ಟವೇರಿನ ಕಣ್ಣಿಗೆ ನಮ್ಮ ಅಕ್ಕಿ ಎಲ್ಲಾ ಕೆಟ್ಟದ್ದ ಕಾಣಾಕತ್ತೈತಲ್ರಿ! ಮೂವತ್ತ ವರ್ಷದಿಂದ ಇದ ಅಕ್ಕಿ ಉಣ್ಣಾಕತ್ತೀನಿ, ನನಗೇನ ಆಗೇತಿ?" ಎಂದು ಹೊಟ್ಟೆ ತಟ್ಟಿ ತೋರಿಸಿದರು. ನಾನು ಹೊಸದನ್ನು ತೆಗೆದು ಹಳೆಯದನ್ನೇ ಮತ್ತೆ ಹಾಕಿದೆ. ಅದಕ್ಕೆ ಒಂದು ತಾಸು. ಹಳೆಯ ಸಾಫ್ಟ್‌ವೇರಿಗೂ ಅಕ್ಕಿ ಕೆಟ್ಟದ್ದೇ ಕಂಡಿತು. ಆ ಹೊತ್ತಿಗೆ ನಾನು ಫೋನಿನಲ್ಲಿ ತಾವರಗೇರಾಕ್ಕೆ ಬಂದಿದ್ದೆ. ನನ್ನ ಬೈಕ್ ಗಿರಣಿಯ ಗೇಟಿನಲ್ಲಿ ನೆರಳಿಗೆ ನಿಂತಿತ್ತು.

ಕೊನೆಗೆ ಈ ಒಗಟು ಬಿಡಿಸಿದವರು ಆ ಗಿರಣಿಯ ಹಳೆಯ ಮೇಸ್ತ್ರಿ ರೆಹಮಾನ ಚಾಚಾ. ಮುಚ್ಚಳ ತೆಗೆದು, ಒಳಗೆ ಬ್ಯಾಟರಿ ಬಿಟ್ಟು ನೋಡಿ, ನನ್ನ ಭುಜ ತಟ್ಟಿದರು. "ಸರ, ಸಾಫ್ಟವೇರ್ ಬಿಡ್ರಿ, ಇಲ್ಲಿ ನೋಡ್ರಿ. ಮಷೀನಿನ ಕಣ್ಣಿಗೇ ಕುಂಕುಮ ಹಚ್ಚ್ಯಾರ." ನಾನು ಜಾಣತನ ಮಾಡಿ ತೆಗೆದಿಟ್ಟ ಮುಚ್ಚಳದ ಒಳಗೆ ಕ್ಯಾಮೆರಾದ ಮುಂದಿನ ಉದ್ದನೆಯ ಗಾಜು ಫಳಫಳ ಹೊಳೆಯುತ್ತಿತ್ತಲ್ಲ, ಪಂಪಣ್ಣ ಅದೇ ಯಂತ್ರದ ಹಣೆ ಎಂದುಕೊಂಡು, ಈ ತುದಿಯಿಂದ ಆ ತುದಿಯವರೆಗೆ ಭಕ್ತಿಯಿಂದ ವಿಭೂತಿ ಎಳೆದು ನಡುನಡುವೆ ಕುಂಕುಮ ಇಟ್ಟಿದ್ದರು. ಯಂತ್ರ ಪಾಪ ತನಗೆ ಕಂಡದ್ದನ್ನೇ ಹೇಳಿತ್ತು. ಪಂಪಣ್ಣ ಸಂಕೋಚದಿಂದ, "ಹಣಿ ಯಾವುದು ಕಣ್ಣು ಯಾವುದು ನನಗೇನ ಗೊತ್ರೀ, ಮಿಂಚೂ ಜಾಗಾ ನೋಡಿ ಹಚ್ಚಿದೆ" ಎಂದರು. ಗಾಜು ಒರೆಸಿ, ಹೊಸ ಸಾಫ್ಟ್‌ವೇರ್ ಮತ್ತೊಮ್ಮೆ ಹಾಕಿದೆ. ಅಕ್ಕಿ ಮಲ್ಲಿಗೆಯಂತೆ ಒಳ್ಳೆಯ ಕಡೆಗೆ ಸುರಿಯಿತು. ಆಗ ಎರಡು ಇಪ್ಪತ್ತು.

ಗೋವಿಂದರಾಜ ಅವರು ಕರೆಯುತ್ತಿದ್ದಾರೆ, ಎರಡೂವರೆಯಾಯಿತು. ಬೀಗ ಹಾಕುತ್ತಾರಂತೆ. ಉಳಿದದ್ದು ಮನೆಗೆ ಹೋಗಿ ಬರೆಯುತ್ತೇನೆ.

ಗಂಗಾವತಿ, ಅದೇ ದಿನ, ಸಂಜೆ ಐದು

ಮನೆಗೆ ಬಂದೆ. ಚಹಾ ಮಾಡಿಕೊಂಡೆ. ನಿನ್ನ ಹೊಲಿಗೆ ಯಂತ್ರದ ಪಕ್ಕದ ಮೇಜಿನ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಇವತ್ತಿನ ಸಿದ್ದಾಪುರದ ಕೆಲಸ ಹೇಗೆ ಹೊತ್ತಿಗೆ ಮುಂಚೆ ಮುಗಿಯಿತು ಎಂದು ಹೇಳಬೇಕಲ್ಲ. ಅದರ ಗುರು ನೀನೇ. ನೀನು ತವರಿನಲ್ಲಿ ಉಳಿದ ಮೂರನೆಯ ದಿನದಿಂದ ನಿನ್ನ ಗಿರಾಕಿಗಳು ಬರತೊಡಗಿದರು. "ಅಕ್ಕಾರು ಯಾವಾಗ ಬರ್ತಾರ್ರಿ?" ಮೊದಲನೆಯವರು ಪಕ್ಕದ ಓಣಿಯ ಗಂಗಾ ಟೀಚರು, ತಂಗಿಯ ಮದುವೆಗೆ ಬ್ಲೌಸು ಬೇಕಂತೆ. ನನ್ನ ನಾಲಿಗೆಯ ತುದಿಗೆ "ಐದ ನಿಮಿಷ" ಬಂದಿತ್ತು. ನುಂಗಿದೆ. "ಗೊತ್ತಿಲ್ರಿ" ಎಂದೆ. ಲಲಿತಾ, ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿ ಬಾಗಿಲು ಹಾಕಿಕೊಂಡು ಒಳಗೆ ಬಂದು ಕೂತಾಗ ಮನೆಯಲ್ಲಿ ನೀನಿಲ್ಲ ಎನ್ನುವುದು ನನಗೆ ಪೂರ್ತಿಯಾಗಿ ತಿಳಿಯಿತು. ಅಳು ಬಂತು, ಸುಳ್ಳಲ್ಲ.

ಅವರ ಅಳತೆ ಏನಾದರೂ ಬರೆದಿಟ್ಟಿದ್ದೀಯೋ ಎಂದು ನಿನ್ನ ಅಳತೆ ಪುಸ್ತಕ ತೆಗೆದೆ. ಒಂದು ಪುಟ ನೋಡುವವನು ಇಡೀ ಪುಸ್ತಕ ಓದಿದೆ. ಕತ್ತರಿಸಲು ಅರ್ಧ ತಾಸು, ಹೊಲಿಯಲು ಎರಡು ತಾಸು, ಅಸ್ತರು ನೆನೆಸಿ ಒಣಗಿಸಲು ಒಂದು ಹೊತ್ತು, ಹುಕ್ಕು ಕಾಜಕ್ಕೆ ಒಂದು ತಾಸು. ಇಷ್ಟನ್ನು ಯಾವ ಟೇಲರಾದರೂ ಬರೆದಾರು. ನೀನು ಅದರ ಕೆಳಗೆ ಬರೆದಿದ್ದೀಯ: ಕರೆಂಟು ಹೋದರೆ ಎರಡು ತಾಸು. ಗಂಗಾ ಟೀಚರು ಬಂದು ಕೊರಳಿನ ಡಿಸೈನು ಬದಲಿಸಿದರೆ ಅರ್ಧ ದಿನ, ಬದಲಿಸಿಯೇ ಬದಲಿಸುತ್ತಾರೆ. ಇವರು (ಎಂದರೆ ನಾನು) ಗಿರಾಕಿ ಕೂತಿರುವಾಗಲೇ ಚಹಾ ಕೇಳಿದರೆ ಕಾಲು ತಾಸು. ಮುಗಿಯುವುದು ಬುಧವಾರ. ಹೇಳುವುದು ಶುಕ್ರವಾರ. ನಿನ್ನ ಗಿರಾಕಿಗಳು ಒಬ್ಬರೂ ಬರಿಗೈಯಲ್ಲಿ ತಿರುಗಿ ಹೋಗದೇ ಇರುವುದು ಯಾಕೆಂದು ಆವತ್ತು ತಿಳಿಯಿತು. ನಾನು ಹೊಲಿಗೆಯ ಎರಡು ತಾಸನ್ನು ಮಾತ್ರ ಎಣಿಸುವವನು. ನೀನು ಬ್ಲೌಸು ಗಿರಾಕಿಯ ಕೈ ಸೇರುವ ತನಕ ಎಣಿಸುತ್ತೀಯ.

ಮರುದಿನ ರೆಹಮಾನ ಚಾಚಾ ಅವರಲ್ಲಿಗೆ ಹೋಗಿ, ಗಿರಣಿ ನಿಂತ ದಿನ ಏನೇನು ನಡೆಯುತ್ತದೆ ಹೇಳಿ ಎಂದೆ. ಅವರು ನಕ್ಕು, "ಮಷೀನಿಗೆ ಎಷ್ಟು ಹೊತ್ತು ಬೇಕು ಅಂತ ನೀವು ಬಂದು ನಮಗ ಹೇಳ್ತೀರಿ ಸರ. ಗಿರಣಿಗೆ ಎಷ್ಟು ಹೊತ್ತು ಬೇಕು ಅಂತ ನಮ್ಮನ್ನ ಕೇಳಿದ್ದು ಇದ ಮೊದಲ" ಎಂದರು. ಸಾಹುಕಾರರು ಬರುವುದು, ಪೂಜೆ, ಎಲ್ಲರೂ ಪ್ರಸಾದ ತಿಂದು ಕೈ ತೊಳೆಯುವುದು, ನಿಂತ ಕಂಪ್ರೆಸರಿಗೆ ಮತ್ತೆ ಗಾಳಿ ತುಂಬಲು ಅರ್ಧ ತಾಸು, ಹೊಸ ಸಾಫ್ಟ್‌ವೇರಿಗೆ ಒಳ್ಳೆಯ ಕಾಳು ಕೆಟ್ಟ ಕಾಳು ತೋರಿಸಿ ಕಲಿಸುವುದು, ಯಂತ್ರ ಎಷ್ಟು ಹಳೆಯದು, ಕರೆಂಟು, ಏನಾದರೂ ಕೆಟ್ಟರೆ ಹಳೆಯದನ್ನು ತಿರುಗಿ ಹಾಕಲು ಎಷ್ಟು. ಎಲ್ಲವನ್ನೂ ನಿನ್ನ ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಂಡೆ, ಬೈಯಬೇಡ. ಕೂಡಿಸಿ ನೋಡಿದರೆ ಆರೂವರೆ ತಾಸು.

ಗೋವಿಂದರಾಜ ಅವರಿಗೆ ಇವತ್ತು ಎಂಟರಿಂದ ಎರಡೂವರೆ ಎಂದು ಮೊದಲೇ ಹೇಳಿದ್ದೆ. "ಪಂಪಣ್ಣಗ ಮುಕ್ಕಾಲ ತಾಸು ಅಂದ್ರಂತ, ನಮಗ ಆರೂವರಿ ತಾಸೇನ್ರಿ? ನಾವೇನ ಪಾಪ ಮಾಡೀವಿ?" ಎಂದು ಜಗಳಕ್ಕೆ ನಿಂತರು. ಮೂರಕ್ಕೆ ಮನೆಮಂದಿಯನ್ನು ಕರೆದುಕೊಂಡು ಕೊಪ್ಪಳಕ್ಕೆ ಹೋಗಬೇಕಿತ್ತು ಅವರು, ಬೀಗದ ಕೈ ಅವರ ಹತ್ತಿರವೇ. ನಾನು ಒಂದು ನಿಮಿಷವನ್ನೂ ಬಿಟ್ಟುಕೊಡಲಿಲ್ಲ. ಬೇಕಾದರೆ ಒಪ್ಪಿರಿ, ಇಲ್ಲದಿದ್ದರೆ ಮುಂದಿನ ಅಮಾವಾಸ್ಯೆಗೆ ಇಡೋಣ ಎಂದೆ. ಗೊಣಗುತ್ತಲೇ ಒಪ್ಪಿದರು. ಪೂಜೆ ಮುಗಿಯುವ ತನಕ ನಾನು ಯಂತ್ರದ ಮುಚ್ಚಳದ ಮುಂದೆ ಕೈಕಟ್ಟಿ ನಿಂತಿದ್ದೆ, ಕುಂಕುಮದ ತಟ್ಟೆ ಹತ್ತಿರ ಬಂದಾಗ ನನ್ನ ಹಣೆ ಮುಂದೆ ಮಾಡಿದೆ. ಹತ್ತೂವರೆಗೆ, ಇನ್ನೂ ಪೆನ್ ಡ್ರೈವ್ ಚುಚ್ಚುವ ಮೊದಲೇ, ಕರೆಂಟು ಹೋಯಿತು. ಎಲ್ಲರೂ ನನ್ನ ಮುಖ ನೋಡಿದರು. ನನಗೆ ಸಂತೋಷವಾಗಿತ್ತು! ನನ್ನ ಕಾಗದದಲ್ಲಿ ಕರೆಂಟಿಗೆಂದು ಒಂದು ತಾಸು ಬರೆದಿಟ್ಟಿದ್ದೆನಲ್ಲ, ಅದು ಬಂದು ತನ್ನ ಜಾಗದಲ್ಲಿ ಕೂತಿತು. ಐವತ್ತು ನಿಮಿಷಕ್ಕೆ ತಿರುಗಿ ಬಂತು. ಕೆಲಸ ಮುಗಿದಾಗ ಗೋವಿಂದರಾಜ ಗಡಿಯಾರ ನೋಡಿ, ನನ್ನನ್ನು ನೋಡಿ, "ಛಲೋ ಆತು ಬಿಡ್ರಿ, ಆರಾಮಾಗಿ ಉಂಡು ಹೋಗಾಕ ಬರ್ತೈತಿ" ಎಂದು ಮನೆಗೆ ಫೋನ್ ಮಾಡಿದರು. ಅವರ ಮುಖದ ಆ ನೆಮ್ಮದಿಯನ್ನು ನೋಡಿ ನನಗೆ, ಅವತ್ತು ಹೊತ್ತಿಗೆ ಉಣ್ಣದೆ ಕೂತ ನಿಮ್ಮ ಅಜ್ಜಿಯ ನೆನಪಾಯಿತು.

ಇನ್ನು ತಡಮಾಡುವುದಿಲ್ಲ. ಆ ಗೊತ್ತಿಲ್ಲದ್ದನ್ನು ಹೇಳುತ್ತೇನೆ.

ಎರಡು ಇಪ್ಪತ್ತಕ್ಕೆ ಪಂಪಣ್ಣನವರ ಯಂತ್ರ ಸರಿಯಾಯಿತು ಎಂದೆನಲ್ಲ. ನಾನು ಅಲ್ಲಿಂದ ಹೊರಟದ್ದು ಮೂರಕ್ಕೆ. ಸಂಜೆ ಬಂದು ನಿನಗೆ ಹೇಳಿದ್ದು, ಮೂರರ ತನಕ ಯಂತ್ರದ ಮುಂದೆ ಇದ್ದೆ ಎಂದು. ಅಲ್ಲ. ಆ ನಲವತ್ತು ನಿಮಿಷ ನಾನು ಊಟ ಮಾಡಿದೆ. ಯಂತ್ರ ಸರಿಯಾದ ಖುಷಿಗೆ ಪಂಪಣ್ಣ ಕೈ ಹಿಡಿದು ಕೂರಿಸಿದರು. ಸಜ್ಜಿ ರೊಟ್ಟಿ, ಪುಂಡಿ ಪಲ್ಯ, ಹೋಳಿಗೆ, ಮೇಲೆ ತುಪ್ಪ. ಬೇಡ ಎಂದು ಒಂದು ಸಲ ಹೇಳಿದೆ, ಎರಡನೆಯ ಸಲ ಹೇಳಲಿಲ್ಲ. ಎರಡು ಹೋಳಿಗೆ ತಿಂದೆ. ತಿನ್ನುವಾಗ ನಿನ್ನ ಫೋನ್ ಬಂತು, ಬೈಕ್ ಪಂಕ್ಚರ್ ಆಗಿದೆ ಎಂದೆ.

ಅತ್ತ ಮಾವನವರು ಚರಗಕ್ಕೆಂದು ಬೇರೆ ತೆಗೆದಿಟ್ಟಿದ್ದನ್ನು ಹನ್ನೆರಡಕ್ಕೇ ಹೊಲಕ್ಕೆ ಚೆಲ್ಲಿ ಬಂದಿದ್ದರು, ಬುತ್ತಿ ಮಾತ್ರ ಬಿಚ್ಚಿರಲಿಲ್ಲ. ಹೊಸ ಅಳಿಯ ಬರದೆ ಬುತ್ತಿ ಬಿಚ್ಚುವುದಿಲ್ಲ ಎಂಬುದು ನಿಮ್ಮ ಮನೆಯ ಪದ್ಧತಿ. ಅಜ್ಜಿಗೆ ಸಕ್ಕರೆ ಕಾಯಿಲೆ, ಮುಂಜಾನೆ ಗುಳಿಗೆ ನುಂಗಿದ್ದರು. ಕನಕಗಿರಿ ದಾಟಿದ್ದಾನೆ, ತಾವರಗೇರಾಕ್ಕೆ ಬಂದಿದ್ದಾನೆ, ಇನ್ನೇನು ಐದು ನಿಮಿಷ ಎಂದು ನನ್ನ ಒಂದೊಂದು ಮಾತನ್ನೂ ನಂಬಿಕೊಂಡು ಕೂತರು. ನಾಲ್ಕೂಕಾಲಿಗೆ ತಲೆ ತಿರುಗಿ ಬಿದ್ದರು. ನೀನು ಬಾಯಿಗೆ ಬೆಲ್ಲ ಹಾಕಿ ನೀರು ಕುಡಿಸಿ ಕೂರಿಸಿದೆ. 

ಎರಡು ಇಪ್ಪತ್ತಕ್ಕೇ ಹೊರಟಿದ್ದರೆ, ಅವತ್ತು ಓಡಿಸಿದ ವೇಗಕ್ಕೆ ನಾಲ್ಕರ ಸುಮಾರಿಗೆ ಅಲ್ಲಿರುತ್ತಿದ್ದೆ. ಅದನ್ನೂ ಬಿಡು. ಹನ್ನೆರಡಕ್ಕೆ ನೀನು ಕೇಳಿದಾಗ "ಯಾವಾಗ ಬರ್ತೀನೋ ಗೊತ್ತಿಲ್ಲ, ನೀವು ಉಣ್ರಿ" ಎಂದಿದ್ದರೆ ಎಲ್ಲರೂ ಹೊತ್ತಿಗೆ ಉಣ್ಣುತ್ತಿದ್ದರು, ನಾನು ಸಂಜೆ ಬಂದು ತಂಗಳು ರೊಟ್ಟಿ ತಿಂದು ಎಲ್ಲರ ನಗೆಗೆ ಗುರಿಯಾಗುತ್ತಿದ್ದೆ. ತಡವಾದದ್ದು ಯಂತ್ರದಿಂದ. ಅಜ್ಜಿ ಬಿದ್ದದ್ದು ನನ್ನ ಮಾತಿನಿಂದ.

ನಾಲ್ಕು ಮುಕ್ಕಾಲಿಗೆ ಬಂದವನು ಏನು ಹೇಳಿದೆ, ನೆನಪಿದೆಯಾ? "ಮುಂಜಾನಿಂದ ಒಂದ ತುತ್ತು ಬಾಯಿಗೆ ಹಾಕಿಲ್ಲ" ಎಂದೆ. ಅಜ್ಜಿ ಮೊದಲ ಹೋಳಿಗೆಯನ್ನು ನನ್ನ ತಾಟಿಗೆ ಹಾಕಿ, "ಪಾಪ, ಹಸಗೊಂಡೈತಿ" ಎಂದರು. ಅದನ್ನೂ ತಿಂದೆ. ಇದನ್ನು ನಿನಗೆ ಹೇಳದೆ ಗಂಗಾವತಿಗೆ ಬಾ ಎಂದು ಕರೆಯುವ ಮುಖ ನನಗಿರಲಿಲ್ಲ. ಈಗ ಹೇಳಿದ್ದೇನೆ, ಬಂದರೂ ಬಾರದಿದ್ದರೂ ಇದು ನಿನ್ನ ಹತ್ತಿರ ಇರಲಿ.

ನಾನು ಬರುವ ಭಾನುವಾರ, ಫೆಬ್ರವರಿ ಎರಡರಂದು, ಬೆಳಿಗ್ಗೆ ಹನ್ನೊಂದು ಗಂಟೆಗೆ ನಿಮ್ಮ ಬಾಗಿಲಿಗೆ ಬರುತ್ತೇನೆ. ಏಳಕ್ಕೆ ಹೊರಡುವುದು. ದಾರಿ ಎರಡು ತಾಸು. ಪಂಕ್ಚರ್ ನಿಜವಾಗಿಯೂ ಆದರೆ ಮುಕ್ಕಾಲು ತಾಸು. ಕನಕಗಿರಿಯಲ್ಲಿ ನಮ್ಮ ಕನಕಪ್ಪ ಮಾಮಾ ಸಿಕ್ಕರೆ ಚಹಾ ಕುಡಿಸದೆ ಬಿಡುವುದಿಲ್ಲ, ಅದಕ್ಕೆ ಅರ್ಧ ತಾಸು. ತಾವರಗೇರಾದಲ್ಲಿ ಮಲ್ಲಿಗೆ, ಕಾಲು ತಾಸು. ಮೇಲೆ ಅರ್ಧ ತಾಸು ಸುಮ್ಮನೆ, ಯಾವುದಕ್ಕೆ ಎಂದು ನನಗೂ ಗೊತ್ತಿಲ್ಲ. ನೀವೆಲ್ಲ ನನಗಾಗಿ ಕಾಯದೆ ಉಂಡು ಕೂತಿರಬೇಕು, ಮುಖ್ಯವಾಗಿ ಅಜ್ಜಿ. ಆಮೇಲೆ ನಿನಗೆ ಎಷ್ಟು ಹೊತ್ತು ಬೇಕು, ಎಷ್ಟು ದಿನ ಬೇಕು ಎಂಬುದನ್ನು ನಾನು ಅಂದಾಜು ಹಾಕುವುದಿಲ್ಲ. ಅದು ನೀನು ಹೇಳಬೇಕಾದದ್ದು.

ಮಾವನವರಿಗೆ ನನ್ನ ನಮಸ್ಕಾರ ತಿಳಿಸು. ಅವರು ನನ್ನ ಹೆಸರು ಕೇಳಿ ಮುಖ ತಿರುಗಿಸಿದರೆ ನೀನು ತಪ್ಪು ತಿಳಿಯಬೇಡ, ಅವತ್ತಿನ ಅವರ ಹಸಿವಿಗೂ ನಾನೇ ಹೊಣೆ.

ಹೇಳಿದ ಹೊತ್ತಿಗೆ ಬರಲಿರುವ,
ನಿನ್ನ ಸಿದ್ದೇಶ

ಮರೆತ ಮಾತು: ಕುಷ್ಟಗಿ, ೨ ಫೆಬ್ರವರಿ, ಭಾನುವಾರ, ಬೆಳಿಗ್ಗೆ ಹತ್ತು ನಲವತ್ತು. ಈ ಪತ್ರವನ್ನು ಅಂಚೆಗೆ ಹಾಕಲಿಲ್ಲ. ಎಷ್ಟು ದಿನಕ್ಕೆ ಮುಟ್ಟುತ್ತದೆ ಎಂದು ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನು ನಂಬಿ ನಿನಗೆ ಹೊತ್ತು ಹೇಳುವುದು ಬೇಡ ಎನ್ನಿಸಿ ಜೇಬಿನಲ್ಲೇ ಇಟ್ಟುಕೊಂಡು ಬಂದೆ. ಪಂಕ್ಚರ್ ಆಗಲಿಲ್ಲ, ಕನಕಪ್ಪ ಮಾಮಾ ಸಿಗಲಿಲ್ಲ, ಒಂಬತ್ತೂಕಾಲಕ್ಕೇ ನಿಮ್ಮ ಓಣಿಯ ಮೂಲೆಯ ಹನುಮಪ್ಪನ ಗುಡಿ ಕಟ್ಟೆಗೆ ಬಂದು ಕೂತಿದ್ದೇನೆ. ಹತ್ತಕ್ಕೆ ಅಜ್ಜಿ ಕಾಯಿ ಒಡೆಸಲು ಬಂದು ನನ್ನನ್ನು ಹಿಡಿದರು. "ನಾ ಎಂಟಕ್ಕ ರೊಟ್ಟಿ ತಿಂದು ಗುಳಿಗಿ ನುಂಗಿ ಬಂದೀನಿ ಅಳಿಯಪ್ಪಾ. ನಿನ್ನ ಹಾದಿ ಕಾಯೂದು ಬಿಟ್ಟೀನಿ, ಹೆದರಬ್ಯಾಡ" ಎಂದರು. ನಾನು ಅವರಿಗೆ ಹೋಳಿಗೆಯ ವಿಷಯವನ್ನು ಬಾಯಿಬಿಟ್ಟು ಹೇಳಿದೆ. ಅವರು ನಕ್ಕುಬಿಟ್ಟರು. "ಅವತ್ತ ನಿನ್ನ ಅಂಗಿ ಮ್ಯಾಲ ತುಪ್ಪದ ಕಲಿ ಇತ್ತು. ನಮ್ಮ ಬುತ್ತಿ ಇನ್ನ ಬಿಚ್ಚಿದ್ದಿಲ್ಲ. ನೀನ ಹೇಳ್ತಿಯೇನ ನೋಡೂಣು ಅಂತ ಸುಮ್ಮನಿದ್ದೆ" ಎಂದರು. ಇನ್ನೂ ಒಂದು ಹೇಳಿದರು, ನಾನು ಕೇಳಿಯೂ ಕೇಳದವನಂತೆ ಇರುತ್ತೇನೆ: ಮೊನ್ನೆ ಗಂಗಾ ಟೀಚರು ಫೋನ್ ಮಾಡಿದಾಗ ನೀನು ಹತ್ತನೆಯ ತಾರೀಖು ಬ್ಲೌಸು ಕೊಡುತ್ತೇನೆ ಎಂದೆಯಂತೆ. ಹೊಲಿಗೆ ಯಂತ್ರ ಗಂಗಾವತಿಯಲ್ಲಿದೆ, ನೀನು ಹೇಳಿದ ತಾರೀಖು ಎಂದೂ ತಪ್ಪಿದವಳಲ್ಲ. ಅಜ್ಜಿ ಮನೆಗೆ ಬಾ ಎಂದು ಎಳೆಯುತ್ತಿದ್ದಾರೆ. ಹನ್ನೊಂದು ಎಂದು ಬರೆದಿದ್ದೇನೆ, ಅದಕ್ಕಿಂತ ಮೊದಲು ಬರುವುದಿಲ್ಲ ಎಂದು ಈ ಪತ್ರವನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ನಿಧಾನವಾಗಿ ಓದು. ಓದಿ ಮುಗಿಯದಿದ್ದರೆ ಬಾಗಿಲು ತೆಗೆಯಬೇಡ, ಕಟ್ಟೆಗೆ ನೆರಳಿದೆ, ನಾನು ಸಂಜೆಯ ತನಕ ಹೊತ್ತು ಇಟ್ಟುಕೊಂಡೇ ಬಂದಿದ್ದೇನೆ. ಮತ್ತೆ, ಮುಂಜಾನೆಯಿಂದ ನಾನು ಒಂದು ತುತ್ತೂ ಬಾಯಿಗೆ ಹಾಕಿಲ್ಲ. ಈ ಸಲ ನಿಜ. ಅಜ್ಜಿ ಕನ್ನಡಕ ಹಾಕಿಕೊಂಡು ನನ್ನ ಅಂಗಿಯನ್ನು ಹಿಂದೆ ಮುಂದೆ ನೋಡಿ ಖಾತ್ರಿ ಮಾಡಿಕೊಂಡಿದ್ದಾರೆ.